ಕೂಡಿ ದುಡಿಯುವೆಡೆಯಲ್ಲಿ ಕೋಪ



ಮನೆಯೊಳಗಣ ಕೋಪವನ್ನು ಕುರಿತು ನಮ್ಮ ಹಿರಿಯರು ಬೇಕಾದಷ್ಟು ಹೇಳಿಟ್ಟಿದ್ದಾರೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬುದರಿಂದ ಮೊದಲ್ಗೊಂಡು, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ ಎಂಬ ಎಚ್ಚರಿಕೆಯವರೆಗೆ ನಮ್ಮ ಗಾದೆಗಳು ಈ ವಿಷಯದಲ್ಲಿ ಶ್ರೀಮಂತವಾಗಿವೆ. ಆದರೆ ನಂಟಿನಿಂದಲೂ ಅಲ್ಲದೆ, ಸ್ನೇಹದಿಂದಲೂ ಅಲ್ಲದೆ, ಕೇವಲ ಕೆಲಸವೊಂದರ ನಿಮಿತ್ತವಾಗಿ ದಿನದ ಎಂಟು ಗಂಟೆಗಳ ಕಾಲ ಒಂದೇ ಸೂರಿನಡಿಯಲ್ಲಿ ಕಲೆಯುವ ಹತ್ತು ಹನ್ನೆರಡು ಮಂದಿಯ ನಡುವೆ ಹುಟ್ಟುವ ಕೋಪದ ವಿಷಯವಾಗಿ ನಾವು ಆಲೋಚಿಸಿರುವುದು ಕಡಮೆ. ಮನೆಯಲ್ಲಿ ಮುನಿದು ಮಲಗಿದವರನ್ನು ಊಟಕ್ಕೆ ಎಬ್ಬಿಸುವವರು ಒಬ್ಬರಾದರೂ ಇರುತ್ತಾರೆ. ಕಚೇರಿಯಲ್ಲಿ ಮುನಿದವನನ್ನು ಎಬ್ಬಿಸುವವರಿಲ್ಲ. ಅವನು ಹಾಜರಿ ಪುಸ್ತಕದಲ್ಲಿ ರುಜು ಹಾಕಿ, ತನ್ನ ಕುರ್ಚಿಯಲ್ಲಿ ಕುಳಿತು, ತಿಂಗಳು ತಿಂಗಳಿಗೆ ಸಂಬಳವನ್ನೂ ಪಡೆದು, ವರ್ಷಗಟ್ಟಲೆ ಮುನಿದೇ ಇರಬಲ್ಲನು.

ಈ ಒಂದು ವಿಕಾರಕ್ಕೆ ಕನ್ನಡವು ಇಟ್ಟಿರುವ ಹೆಸರುಗಳನ್ನು ನೋಡಿರಿ. ಸಿಟ್ಟು ಭಗ್ಗನೆ ಏರಿ ಹಾಗೆಯೇ ಇಳಿಯುವಂಥದು. ಮುನಿಸು ಸಲಿಗೆಯುಳ್ಳೆಡೆಯಲ್ಲಿ ಮಾತ್ರ ಸಲ್ಲುವಂಥದು, ಏಕೆಂದರೆ ಒಲಿಸಿಕೊಳ್ಳುವವರ ಮೇಲಲ್ಲದೆ ಬೇರೆಯವರ ಮೇಲೆ ಮುನಿದು ಫಲವಿಲ್ಲ. ಜಿದ್ದು ಎದುರಿನವನು ಸೋಲುವ ತನಕ ಬಿಡದು. ಹಗೆಯಂತೂ ಸೋತವನನ್ನೂ ಬಿಡದು. ಇವೆಲ್ಲಕ್ಕಿಂತಲೂ ಬೇರೆಯಾದ ಇನ್ನೊಂದಿದೆ, ಸೆಡವು. ತನಗೆ ಸಲ್ಲಬೇಕಾದ ಮಾನ ಸಲ್ಲಲಿಲ್ಲವೆಂದು ಮನಸ್ಸು ಒಳಗೊಳಗೇ ಬಿಗಿದುಕೊಂಡು, ಮಾತಿಗೆ ಮಾತು ಕೊಡದೆ, ಹೇಳಿದಷ್ಟನ್ನು ಮಾತ್ರ ಮಾಡುತ್ತ, ಕಂಡದ್ದನ್ನೂ ಕಾಣದವನಂತೆ ಇದ್ದುಬಿಡುವ ಸ್ಥಿತಿ ಅದು. ಕೂಡಿ ದುಡಿಯುವ ಎಡೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ನನ್ನ ಜೀವಿತದಲ್ಲಿ ಇದನ್ನು ಮೊದಲು ಕಂಡದ್ದು ನಾನೇ ಹುಟ್ಟಿಸಿದ ಸೆಡವಿನ ರೂಪದಲ್ಲಿ.

ನಾನು ಇಪ್ಪತ್ತಮೂರರ ಪ್ರಾಯದಲ್ಲಿ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆನು. ಮೊಳೆಯಚ್ಚಿನ ಕಾಲ ಈಗ ಮುಗಿದುಹೋಗಿರುವುದರಿಂದ ಎಳೆಯ ಶ್ರೋತೃಗಳಿಗಾಗಿ ಕೊಂಚ ವಿವರಿಸಬೇಕಾಗಿದೆ. ಮೊಳೆ ಜೋಡಿಸುವವರು, ಅಂದರೆ ಕಂಪೋಸಿಟರು, ಇಳಿಜಾರಾಗಿ ನಿಲ್ಲಿಸಿದ ಮರದ ಖಾನೆಗಳ ಮುಂದೆ ನಿಂತು, ಎಡಗೈಯಲ್ಲಿ ಸ್ಟಿಕ್ಕೆಂಬ ಸಣ್ಣ ತಟ್ಟೆಯನ್ನು ಹಿಡಿದು, ಅಕ್ಷರವನ್ನೂ ಅದರ ಒತ್ತನ್ನೂ ಬೇರೆ ಬೇರೆ ಖಾನೆಗಳಿಂದ ಒಂದೊಂದಾಗಿ ಆಯ್ದು, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿರುವ ಸಾಲನ್ನು ಕಟ್ಟುತ್ತಿದ್ದರು. ಸಾಲಿನ ಅಗಲ ಕೂದಲೆಳೆಯಷ್ಟೂ ಹೆಚ್ಚುಕಡಮೆಯಾಗದಂತೆ ಪದಗಳ ನಡುವೆ ಸೀಸದ ಚೂರುಗಳನ್ನು ತುಂಬಬೇಕು. ಆದಕಾರಣ ಪ್ಯಾರಾದ ಮೊದಲ ಸಾಲಿನಲ್ಲಿ ಒಂದು ಪದವನ್ನು ಹೊಸದಾಗಿ ಸೇರಿಸಿದರೆ, ಅದು ಆ ಸಾಲಿನ ಕಡೆಯ ಪದವನ್ನು ಎರಡನೆಯ ಸಾಲಿಗೆ ತಳ್ಳುವುದು, ಎರಡನೆಯದು ಮೂರನೆಯದಕ್ಕೆ ತಳ್ಳುವುದು, ಹೀಗೆ ಪ್ಯಾರಾ ಮುಗಿಯುವವರೆಗೂ ಒಂದೊಂದು ಸಾಲನ್ನೂ ಬಿಚ್ಚಿ ಕಟ್ಟಬೇಕಾಗುವುದು. ಕಾಗದದ ಅಂಚಿನಲ್ಲಿ ಪದವೊಂದನ್ನು ಗೀಚುವ ನನಗೆ ಅದು ಅರ್ಧ ನಿಮಿಷದ ಕೆಲಸ. ಖಾನೆಯ ಮುಂದೆ ನಿಂತವರಿಗೆ ಅರ್ಧ ಗಂಟೆಯದು.

ಅಲ್ಲಿ ಮೂವತ್ತು ವರ್ಷಗಳಿಂದ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರಿದ್ದರು. ವಿದ್ವಾಂಸರೊಬ್ಬರ ಅರವತ್ತನೆಯ ವರ್ಷದ ಅಭಿನಂದನ ಗ್ರಂಥ ಅಚ್ಚಾಗುತ್ತಿತ್ತು. ಸಮಾರಂಭಕ್ಕೆ ಮೂರು ವಾರವಿದ್ದಿತು. ಒಂದು ಸಂಜೆ, ಎರಡು ಸಲ ತಿದ್ದಿ ಕಳುಹಿಸಿದ ಗ್ಯಾಲಿಯಲ್ಲಿ, ಎಂದರೆ ಕರಡಿನ ಹಾಳೆಯಲ್ಲಿ, ಹಳೆಯ ತಪ್ಪುಗಳೇ ಉಳಿದು ಮೂರನೆಯ ಸಲವೂ ನನ್ನ ಮೇಜಿಗೆ ಬಂದಾಗ, ನಾನು ಅದನ್ನು ಹಿಡಿದುಕೊಂಡು ಒಳಕ್ಕೆ ಹೋಗಿ, ಟ್ರೆಡಲ್ ಯಂತ್ರದ ಸದ್ದಿನ ಮೇಲೂ ಎಲ್ಲರಿಗೆ ಕೇಳುವಂತೆ, “ಕಣ್ಣು ಎಲ್ಲಿಟ್ಕೊಂಡು ಜೋಡಿಸ್ತೀಯ?” ಎಂದು ಕೂಗಿದೆನು. ಮಾತಿನ ಅರ್ಥಕ್ಕಿಂತಲೂ ಆ ಕಡೆಯ ಕ್ರಿಯಾಪದವನ್ನು ಗಮನಿಸಬೇಕು. ನನ್ನ ತಂದೆಯ ವಯಸ್ಸಿನವರನ್ನು, ಅದುವರೆಗೆ ಬಹುವಚನದಿಂದಲೇ ಕರೆಯುತ್ತಿದ್ದವರನ್ನು, ನಾನು ಏಕವಚನಕ್ಕೆ ಇಳಿಸಿದ್ದೆನು. ನಮ್ಮ ಭಾಷೆಯಲ್ಲಿ ಕೋಪವು ಮೊದಲು ಕೆಡಿಸುವುದು ವ್ಯಾಕರಣವನ್ನು. ಬೈಗುಳವನ್ನು ಮರೆಯುವವರೂ ಏಕವಚನವನ್ನು ಮರೆಯುವುದಿಲ್ಲವೆಂಬುದು ನಮ್ಮ ಯಾವ ಕಾರ್ಖಾನೆಯಲ್ಲಿ, ಯಾವ ಕಚೇರಿಯಲ್ಲಿ ವಿಚಾರಿಸಿದರೂ ತಿಳಿದೀತು.

ಅವರು ಮರುಮಾತಾಡಲಿಲ್ಲ. ಕೈಯಲ್ಲಿದ್ದ ಸ್ಟಿಕ್ಕನ್ನು ಸದ್ದಾಗದಂತೆ ಖಾನೆಯ ಮೇಲಿಟ್ಟು, ಸೀಮೆಎಣ್ಣೆಯ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರಸಿಕೊಂಡು, ಅಂಗಿಯನ್ನು ತೊಟ್ಟು ಮನೆಗೆ ಹೋದರು. ಮರುದಿನ ಎಂದಿನ ಹೊತ್ತಿಗೆ ಬಂದರು. ಆ ಮೇಲೆ ಹನ್ನೊಂದು ದಿನ ಅವರ ಕೆಲಸದಲ್ಲಿ ನಾನು ಬೆರಳಿಟ್ಟು ತೋರಿಸಬಹುದಾದ ಲೋಪ ಒಂದೂ ಇರಲಿಲ್ಲ. ನನ್ನ ಗದರಿಕೆ ಫಲಿಸಿತೆಂದು, ಈಗ ಹೇಳಲು ನಾಚಿಕೆಯಾಗುವಷ್ಟು ಸಂತೋಷಪಟ್ಟಿದ್ದೆನು.

ಹನ್ನೆರಡನೆಯ ದಿನ ಹದಿನಾರು ಪುಟಗಳ ಒಂದು ಫಾರಂ ಐದು ನೂರು ಪ್ರತಿ ಅಚ್ಚಾಗಿ ಒಣಗುತ್ತಿದ್ದಾಗ, ಮುನ್ನುಡಿಯಲ್ಲಿ ‘ಮಹನೀಯರು’ ಎಂದು ಇರಬೇಕಾದಲ್ಲಿ ‘ಸಹನೀಯರು’ ಎಂದಿರುವುದು ಕಂಡುಬಂದಿತು. ಹಳೆಯ ಕರಡನ್ನು ತೆಗೆದು ನೋಡಿದರೆ, ಅವಸರದಲ್ಲಿ ನಾನು ಬರೆದಿದ್ದ ಮಕಾರವು ಸಕಾರದಂತೆಯೇ ಇದ್ದಿತು. ಕಡೆಯ ಕರಡಿನಲ್ಲಿ, ರಾತ್ರಿಯ ಹೊತ್ತು, ನಾನು ಗುರುತು ಹಾಕಿದ ಕಡೆಗಳಲ್ಲಿ ತಿದ್ದುಪಡಿಯಾಗಿದೆಯೇ ಎಂದಷ್ಟೇ ನೋಡಿ ಒಪ್ಪಿಗೆ ಕೊಟ್ಟಿದ್ದೆನು. ಅಚ್ಚುಕೂಟದ ಫೋರ್‌ಮನ್ನರು ಆ ಹಿರಿಯರನ್ನು ಕರೆದು, “ಮೂವತ್ತು ವರ್ಷದ ಕೈ ನಿಮ್ಮದು, ಇದು ಕಾಣಲಿಲ್ಲವೆ?” ಎಂದು ಕೇಳಿದರು. “ಕಂಡಿತ್ತು, ಸ್ವಾಮಿ” ಎಂದರು ಅವರು. “ಕಣ್ಣು ಎಲ್ಲಿಟ್ಟಿದ್ದೀಯ ಅಂತ ಕೇಳಿದ ಮೇಲೆ, ಈ ಕಣ್ಣಿಗೆ ಇಲ್ಲೇನು ಕೆಲಸ? ಬರೆದದ್ದನ್ನು ಜೋಡಿಸಿದೆ.”

ಶ್ರೋತೃಗಳೆ, ಈ ಉತ್ತರದಲ್ಲಿ ನಾನು ಇಂದು ಹೇಳಬೇಕೆಂದಿರುವುದೆಲ್ಲ ಅಡಗಿದೆ. ಸಹೋದ್ಯೋಗಿಯ ಮೇಲೆ ತೋರಿದ ಕೋಪದಿಂದ ಅವನ ಮನಸ್ಸು ನೊಂದಿತೆಂಬುದು ಒಂದು ನಷ್ಟವಷ್ಟೆ. ಅವನು ಅಂದಿನಿಂದ ತನ್ನ ಕೈಯನ್ನು ಮಾತ್ರ ಕೆಲಸಕ್ಕೆ ಕೊಟ್ಟು ಕಣ್ಣನ್ನು ಹಿಂತೆಗೆದುಕೊಳ್ಳುವನೆಂಬುದು ಎರಡನೆಯ, ಹಿರಿದಾದ ನಷ್ಟ. ಕೈಯ ಕೆಲಸವನ್ನು ಲೆಕ್ಕ ಹಾಕಬಹುದು, ಕೂಲಿ ಕೊಡಬಹುದು, ಕಡಮೆಯಾದರೆ ಹಿಡಿಯಬಹುದು. ಕಣ್ಣಿನ ಕೆಲಸ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಭಾರತವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಯುದ್ಧೋದ್ಯೋಗದ ಸಮಯದಲ್ಲಿ ಕೌರವರ ಪಾಳೆಯದ ವೀರರ ತರತಮವನ್ನು ಎಣಿಸುತ್ತ ಭೀಷ್ಮನು ಕರ್ಣನನ್ನು ಪೂರ್ಣ ರಥಿಕನೂ ಅಲ್ಲದ ಅರ್ಧರಥನೆಂದನು. ಕರ್ಣನು ಮುದುಕನ ಮೇಲೆ ಹರಿಹಾಯ್ದು, ಭೀಷ್ಮನು ಬಿದ್ದಲ್ಲದೆ ತಾನು ಬಿಲ್ಲು ಹಿಡಿಯೆನೆಂದು ಶಪಥ ಮಾಡಿದನು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನು ಈ ಜಗಳವನ್ನು ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಸಭೆಯಲ್ಲಿಯೇ ನಡೆಸುತ್ತಾನೆ. ಇಬ್ಬರ ಶೌರ್ಯವೂ ನಿಜ, ಇಬ್ಬರ ಸ್ವಾಮಿಭಕ್ತಿಯೂ ನಿಜ. ಆದರೂ ದುರ್ಯೋಧನನ ಸೈನ್ಯವು ಹತ್ತು ದಿನಗಳ ಯುದ್ಧವನ್ನು ಕರ್ಣನಿಲ್ಲದೆಯೇ ಮಾಡಬೇಕಾಯಿತು, ಹಗೆಗಳ ಬಾಣದಿಂದಲ್ಲ, ತನ್ನವರ ಮಾತಿನಿಂದ. ಹತ್ತನೆಯ ದಿನ ಭೀಷ್ಮನು ಶರಶಯ್ಯೆಯಲ್ಲಿ ಒರಗಿದ ಮೇಲೆ ಕರ್ಣನು ಒಬ್ಬನೇ ಬಂದು ನಿಲ್ಲುತ್ತಾನೆ. ಆಗ ಮುದುಕನು, ನಿನ್ನ ಬಲವನ್ನು ನಾನು ಬಲ್ಲೆ, ನಿನ್ನ ಹಮ್ಮನ್ನು ತಗ್ಗಿಸಲೆಂದೇ ಬಿರುನುಡಿಯಾಡಿದೆ ಎಂಬರ್ಥದ ಮಾತನ್ನಾಡುತ್ತಾನೆ. ಆ ಮಾತು ಸಭೆಯಲ್ಲಿ ಬಂದಿದ್ದರೆ ಎಂದು ಅಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸು ಮರುಗುತ್ತದೆ. ತಿದ್ದಬೇಕೆಂಬ ಸದಾಶಯದಿಂದಲೇ ನುಡಿದರೂ, ಹಲವರ ಮುಂದೆ ಒಬ್ಬನ ಬೆಲೆ ಕಟ್ಟಿದುದರ ಫಲ ಅದು.

ಇಷ್ಟನ್ನು ಕೇಳಿ, ಹಾಗಾದರೆ ಯಾರಿಗೂ ಏನನ್ನೂ ಅನ್ನದೆ, ಮಾತು ಬೆಳ್ಳಿ ಮೌನ ಬಂಗಾರವೆಂದು ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಯಾರಾದರೂ ಎಣಿಸಿದರೆ ಅದು ಇನ್ನೂ ದೊಡ್ಡ ಅಪಾಯ. 1977ರ ಮಾರ್ಚ್ 27ರಂದು, ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಟೆನೆರೀಫ್ ಎಂಬ ದ್ವೀಪದ ವಿಮಾನ ನಿಲ್ದಾಣದಲ್ಲಿ, ದಟ್ಟವಾದ ಮಂಜಿನೊಳಗೆ ಎರಡು ಬೋಯಿಂಗ್ 747 ವಿಮಾನಗಳು ಒಂದೇ ಓಡುದಾರಿಯ ಮೇಲಿದ್ದುವು. ಡಚ್ಚರ ವಿಮಾನವು ಏರಲು ಓಡತೊಡಗಿದಾಗ ಅದರ ಎಂಜಿನಿಯರನು, ಅಮೆರಿಕದ ವಿಮಾನ ಇನ್ನೂ ದಾರಿಯಿಂದ ಸರಿದಿಲ್ಲವೇನೋ ಎಂಬ ಶಂಕೆಯನ್ನು ಪ್ರಶ್ನೆಯ ರೂಪದಲ್ಲಿ ಎತ್ತಿದನು. ಆ ಡಚ್ ವಿಮಾನ ಸಂಸ್ಥೆಯಲ್ಲಿ ಇತರ ಚಾಲಕರಿಗೆ ಶಿಕ್ಷಣ ಕೊಡುತ್ತಿದ್ದ ಹಿರಿಯ ಕ್ಯಾಪ್ಟನ್ನನು ಸರಿದಿದೆಯೆಂದು ಖಂಡಿತವಾಗಿ ನುಡಿದನು. ಎಂಜಿನಿಯರನು ಮತ್ತೆ ಕೇಳಲಿಲ್ಲ. 583 ಮಂದಿ ಸತ್ತರು. ಅಲ್ಲಿ ಜಗಳವಿರಲಿಲ್ಲ. ಹಿರಿಯನೆಂಬ ಗೌರವವಿದ್ದಿತು, ಅವಸರವಿದ್ದಿತು, ಇನ್ನೊಮ್ಮೆ ಆಡಬೇಕಾಗಿದ್ದ ಒಂದು ಮಾತು ಗಂಟಲಲ್ಲಿ ನಿಂತಿದ್ದಿತು. ಅದರ ಮುಂದಿನ ವರ್ಷಗಳಲ್ಲಿ ವಿಮಾನ ಸಂಸ್ಥೆಗಳು, ಕಿರಿಯನಾದವನು ಹಿರಿಯನನ್ನು ಹೇಗೆ ತಡೆದು ಕೇಳಬೇಕು, ಹಿರಿಯನಾದವನು ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನೇ ಒಂದು ವಿದ್ಯೆಯಂತೆ ಚಾಲಕವರ್ಗಕ್ಕೆ ಕಲಿಸತೊಡಗಿದುವು. ಸೈನ್ಯದಲ್ಲಿಯೂ ಇಂಥ ವಿವೇಕವೊಂದು ಹಳೆಯ ಕಾಲದಿಂದಲೂ ಇದೆ: ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯವನ್ನು ಕೇಳುವಾಗ ಎಲ್ಲರಿಗಿಂತ ಕಿರಿಯ ದರ್ಜೆಯವನಿಂದ ಮೊದಲು ಮಾಡುತ್ತಾರೆ. ಹಿರಿಯನು ಮೊದಲು ನುಡಿದರೆ ಉಳಿದವರಿಗೆ ನುಡಿಯಲು ಏನು ಉಳಿದೀತು? ನಮ್ಮ ಕಚೇರಿಗಳ ಸಭೆಗಳು ಮೇಲಧಿಕಾರಿಯ ಮಾತಿನಿಂದ ಆರಂಭವಾಗಿ ಅದರ ಅನುಮೋದನೆಯಿಂದ ಮುಗಿಯುವುದನ್ನು ನೋಡಿದಾಗ, ಎಷ್ಟು ಮಂದಿ ತಮ್ಮ ಕಣ್ಣನ್ನು ಮನೆಯಲ್ಲಿಯೇ ಬಿಟ್ಟು ಬಂದಿರಬಹುದೆಂದು ನನಗೆ ವ್ಯಥೆಯಾಗುತ್ತದೆ.

ಭಿನ್ನಾಭಿಪ್ರಾಯವು ಬೇಕು, ಕೋಪವು ಅದನ್ನು ನುಂಗಬಾರದು. ಇದು ಹೇಗೆ ಸಾಧ್ಯ? ಕೋಪವು ಮೊದಲು ದೇಹದ ವ್ಯಾಪಾರವೆಂಬುದನ್ನು ಅರಿತುಕೊಂಡರೆ ಅರ್ಧ ದಾರಿ ಸವೆದಂತೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದನು. ರೋಷ ಬಂದಾಗ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಯ ಬಡಿತ ಹೆಚ್ಚುತ್ತದೆ, ಯಕೃತ್ತಿನಲ್ಲಿದ್ದ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ, ಜೀರ್ಣಕ್ರಿಯೆ ನಿಲ್ಲುತ್ತದೆ, ರಕ್ತವು ಹೊಟ್ಟೆಯಿಂದ ಕೈಕಾಲುಗಳ ಕಡೆಗೆ ಹರಿಯುತ್ತದೆ. ಹುಲಿಯೆದುರಿಗೆ ನಿಂತವನಿಗೆ, ಹೊಡೆಯುವುದಕ್ಕಾಗಲಿ ಓಡುವುದಕ್ಕಾಗಲಿ, ಇದು ಪರಮೋಪಕಾರಿ. ಕರಡು ತಿದ್ದುವುದಕ್ಕೆ, ಲೆಕ್ಕ ತಾಳೆ ನೋಡುವುದಕ್ಕೆ, ಇನ್ನೊಬ್ಬನ ಕಷ್ಟವನ್ನು ಗ್ರಹಿಸುವುದಕ್ಕೆ ಈ ಸಿದ್ಧತೆಯಿಂದ ಏನೂ ಉಪಯೋಗವಿಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮಿನ ತತ್ತ್ವಜ್ಞಾನಿ ಸೆನೆಕನು ತನ್ನ ಅಣ್ಣನನ್ನು ಉದ್ದೇಶಿಸಿ ಕೋಪವನ್ನು ಕುರಿತು ಮೂರು ಪುಸ್ತಕಗಳನ್ನೇ ಬರೆದನು. ತಡಮಾಡುವುದೇ ಕೋಪಕ್ಕೆ ಪರಮೌಷಧವೆಂಬುದು ಅವನ ನಿಶ್ಚಯ. ಕೋಪದಲ್ಲಿ ಬರೆದ ಪತ್ರವನ್ನು ಮೇಜಿನ ಖಾನೆಯಲ್ಲಿ ಒಂದು ರಾತ್ರಿ ಇಡುವ ಪದ್ಧತಿ ನಮ್ಮ ಹಳೆಯ ಗುಮಾಸ್ತರಲ್ಲಿಯೂ ಇದ್ದಿತು. ತಡಮಾಡುವುದೆಂದರೆ ನುಂಗಿಕೊಳ್ಳುವುದೆಂದಲ್ಲ. ಬೆಳಿಗ್ಗೆ ಆ ಪತ್ರವನ್ನು ಹರಿದುಹಾಕಿದ ಮೇಲೆ, ಅದರಲ್ಲಿದ್ದ ವಿಷಯವನ್ನು ಎದುರು ಕುಳಿತು, ಬಹುವಚನದಲ್ಲಿ, ಆಡಿಯೇ ತೀರಬೇಕು.

ಹಾಗೆ ಆಡುವಾಗ ಏನನ್ನು ಹುಡುಕಬೇಕೆಂಬುದನ್ನು ನನಗೆ ಕಲಿಸಿದವರು ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಮಹಿಳೆ. 1868ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡ ಈಕೆ 1925ರಲ್ಲಿ ವ್ಯಾಪಾರೋದ್ಯಮಗಳ ಪ್ರಮುಖರ ಮುಂದೆ, ಕಟ್ಟುವ ಶಕ್ತಿಯುಳ್ಳ ವಿರೋಧ ಎಂಬ ಅರ್ಥದ ಶೀರ್ಷಿಕೆಯ ಉಪನ್ಯಾಸವೊಂದನ್ನು ಮಾಡಿದರು. ಘರ್ಷಣೆಯನ್ನು ಕೆಟ್ಟದ್ದೆಂದು ಜರೆಯುವುದರ ಬದಲು, ಎಂಜಿನಿಯರನು ತಿಕ್ಕಾಟದಿಂದ ಕೆಲಸ ತೆಗೆಯುವಂತೆ ನಾವೂ ತೆಗೆಯಬಾರದೇಕೆ ಎಂಬುದು ಅವರ ಪ್ರಶ್ನೆ. ಪಿಟೀಲಿನ ನಾದ ಹುಟ್ಟುವುದೂ ತಿಕ್ಕಾಟದಿಂದಲೇ ಅಲ್ಲವೆ? ವಿರೋಧವು ಮೂರು ಬಗೆಯಾಗಿ ಮುಗಿಯಬಹುದೆಂದು ಅವರು ತೋರಿಸಿದರು. ಒಬ್ಬನು ಗೆದ್ದು ಇನ್ನೊಬ್ಬನು ಸೋಲುವುದು ಒಂದು. ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟು ರಾಜಿಯಾಗುವುದು ಇನ್ನೊಂದು. ಇಬ್ಬರ ಇಷ್ಟವೂ ಪೂರ್ತಿಯಾಗಿ ಸಲ್ಲುವಂಥ ಹೊಸ ಏರ್ಪಾಡೊಂದನ್ನು ಕಂಡುಹಿಡಿಯುವುದು ಮೂರನೆಯದು. ಅವರು ಕೊಟ್ಟ ಒಂದು ನಿದರ್ಶನವನ್ನು ಹಾಲಿನ ಡೈರಿಯ ಮುಂದೆ ಸಾಲುನಿಂತ ನಮ್ಮ ಹಳ್ಳಿಗರು ಚೆನ್ನಾಗಿ ಬಲ್ಲರು. ಹಾಲು ಮಾರುವ ರೈತರ ಸಹಕಾರ ಸಂಘವೊಂದು, ಹಾಲಿನ ಕ್ಯಾನುಗಳನ್ನು ಯಾರು ಮೊದಲು ಇಳಿಸಬೇಕೆಂಬ ಜಗಳದಲ್ಲಿ ಒಡೆಯುವ ಸ್ಥಿತಿಗೆ ಬಂದಿತ್ತು. ಹಾಲನ್ನು ತಂದಿಳಿಸುವ ಕ್ರೀಮರಿಯು ಇಳಿಜಾರಿನಲ್ಲಿದ್ದಿತು, ಗುಡ್ಡದ ಮೇಲಿನಿಂದ ಬರುವವರು ತಾವು ಮೊದಲೆಂದರು, ಕೆಳಗಿನಿಂದ ಹತ್ತಿ ಬರುವವರು ತಾವು ಮೊದಲೆಂದರು. ಇವರಾಗಲಿ ಅವರಾಗಲಿ ಮೊದಲಾಗುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲವೆಂದು ಎರಡು ಕಡೆಯವರೂ ತಿಳಿದಿದ್ದರು. ಕಡೆಗೆ ಇಳಿಸುವ ಜಗುಲಿಯ ಸ್ಥಾನವನ್ನು ಬದಲಾಯಿಸಿ, ಎರಡು ಕಡೆಯವರೂ ಏಕಕಾಲಕ್ಕೆ ಇಳಿಸುವಂತೆ ಮಾಡಲಾಯಿತು. ಮನುಷ್ಯರಲ್ಲಿ ಇದೆಯೆಂದು ತೋರಿದ ದೋಷವು ಜಗುಲಿಯಲ್ಲಿದ್ದಿತು.

ನಮ್ಮ ಅಚ್ಚುಕೂಟದಲ್ಲಿಯೂ ಹಾಗೆಯೇ ಆಗಿದ್ದಿತು. ಫಾರಮನ್ನು ಮತ್ತೆ ಅಚ್ಚು ಹಾಕಿದ ದಿನ ಸಂಜೆ ಫೋರ್‌ಮನ್ನರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಯಾರು ತಪ್ಪಿತಸ್ಥರೆಂದು ಕೇಳದೆ, “ಎರಡು ಸಲ ತಿದ್ದಿದ ಗ್ಯಾಲಿ ಮೂರನೆಯ ಸಲ ಹಾಗೆಯೇ ಯಾಕೆ ಬಂತು, ಅದನ್ನು ಹೇಳಿ” ಎಂದು ಆ ಹಿರಿಯರನ್ನು ಕೇಳಿದರು. ಅವರು ಬಹಳ ಹೊತ್ತು ಸುಮ್ಮನಿದ್ದು, ಅನಂತರ ಹೇಳಿದ್ದು ನಾನು ಕನಸಿನಲ್ಲಿಯೂ ಎಣಿಸದಿದ್ದ ಸಂಗತಿಯನ್ನು. ಅಲ್ಲಿ ಜೋಡಿಸುವವರಿಗೆ ಪುಟದ ಲೆಕ್ಕದಲ್ಲಿ ಕೂಲಿ ಸಲ್ಲುತ್ತಿತ್ತು. ತಮ್ಮ ಕೈತಪ್ಪನ್ನು ತಮ್ಮ ಹೊತ್ತಿನಲ್ಲಿಯೇ ತಿದ್ದಿಕೊಳ್ಳಬೇಕೆಂಬುದು ಕಟ್ಟಳೆ, ಅದು ನ್ಯಾಯವೇ. ಆದರೆ ನಾನು ಅವರ ಕೈತಪ್ಪುಗಳನ್ನೂ, ಗ್ರಂಥಕರ್ತರು ಮನಸ್ಸು ಬದಲಾಯಿಸಿ ಸೇರಿಸಿದ ಪದಗಳನ್ನೂ, ನನಗೆ ತೋಚಿದ ಸುಧಾರಣೆಗಳನ್ನೂ ಒಂದೇ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆನು. ಕೂಲಿಯ ಪುಸ್ತಕಕ್ಕೆ ಕೆಂಪೆಲ್ಲವೂ ಕೈತಪ್ಪು. ಅಭಿನಂದನ ಗ್ರಂಥದ ಪ್ಯಾರಾಗಳನ್ನು ಮೊದಲಿನಿಂದ ಕಡೆಯವರೆಗೆ ಬಿಚ್ಚಿ ಕಟ್ಟಿದ ಗಂಟೆಗಳಿಗೆ ಅವರಿಗೆ ಬಿಡಿಗಾಸೂ ಬಂದಿರಲಿಲ್ಲ. “ಈ ಹುಡುಗರು ಒಂದು ಪದ ಬರೀತಾರೆ, ನನ್ನ ಮನೇಲಿ ಒಂದು ಸೇರು ಅಕ್ಕಿ ಹೋಗುತ್ತೆ” ಎಂದರು. ಹೊತ್ತು ಸಾಲದೆ ಅವರು ಸಣ್ಣ ತಪ್ಪುಗಳನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತಿದ್ದರು. ನಾನು ಕಣ್ಣಿನ ದೋಷವೆಂದು ತಿಳಿದಿದ್ದು ಹೊಟ್ಟೆಯ ಪ್ರಶ್ನೆಯಾಗಿದ್ದಿತು.

ಮರುದಿನ ನನ್ನ ಮೇಜಿನ ಮೇಲೆ ಇನ್ನೊಂದು ದೌತಿ ಬಂದಿತು. ಕೈತಪ್ಪಿಗೆ ಕೆಂಪು, ಹೊಸ ಮಾತಿಗೆ ನೀಲಿ. ನೀಲಿಗೆ ಗಂಟೆಯ ಲೆಕ್ಕದಲ್ಲಿ ಬೇರೆ ಕೂಲಿ, ಅದನ್ನು ಗ್ರಂಥಕರ್ತರ ಬಿಲ್ಲಿಗೆ ಹಚ್ಚುವುದು. ದೊಡ್ಡ ಅಚ್ಚುಕೂಟಗಳಲ್ಲಿ ಈ ರೂಢಿ ಮೊದಲೇ ಇದ್ದಿತೆಂದು ಆಮೇಲೆ ತಿಳಿದೆನು. ನೀಲಿಗೆ ಬೆಲೆಯುಂಟಾದೊಡನೆ ನನ್ನ ಸುಧಾರಣೆಯ ಉತ್ಸಾಹವೂ ತಾನಾಗಿ ತಗ್ಗಿತು. ಕ್ಷಮೆ ಕೇಳುವುದು ಮಾತ್ರ ಯಾವ ಏರ್ಪಾಡಿನಿಂದಲೂ ಆಗುವಂಥದಲ್ಲ. ಅದನ್ನು ನಾನು, ಎಲ್ಲರ ಮುಂದೆ ಕೂಗಿದ್ದ ಆ ಖಾನೆಯ ಹತ್ತಿರವೇ, ಎಲ್ಲರೂ ಇರುವಾಗಲೇ ಕೇಳಿದೆನು. ಅವರು ತಲೆಯೆತ್ತದೆ, “ಆಯ್ತು ಬಿಡಿ” ಎಂದರು. ಕೈಯಲ್ಲಿದ್ದ ಸಾಲನ್ನು ಮುಗಿಸಿದರು.

ಕಣ್ಣು ಹಿಂದಿರುಗಿ ಬರಲು ಇನ್ನೂ ಎರಡು ತಿಂಗಳು ಬೇಕಾಯಿತು. ಬೇಸಾಯವನ್ನು ಕುರಿತ ಲೇಖನವೊಂದರಲ್ಲಿ ‘ಕುಯಿಲು’ ಎಂದಿದ್ದುದನ್ನು ನಾನು ‘ಕೊಯ್ಲು’ ಎಂದು ತಿದ್ದಿ ಕಳುಹಿಸಿದ್ದೆನು. ಗ್ಯಾಲಿ ತಿದ್ದುಪಡಿಯಾಗದೆಯೇ ಹಿಂದಕ್ಕೆ ಬಂದಿತು; ನನ್ನ ನೀಲಿ ಗೀಟಿನ ಪಕ್ಕದಲ್ಲಿ ಸೀಸದಕಡ್ಡಿಯಿಂದ, ಮುಟ್ಟಿದರೆ ಅಳಿಸಿಹೋಗುವಷ್ಟು ಹಗುರವಾಗಿ, ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದಿತು. ನಾನು ಅದನ್ನು ಹಿಡಿದುಕೊಂಡು ಒಳಕ್ಕೆ ಹೋದೆನು. ಬರೆದವರ ಊರಿನ ಮಾತು ಅದು, ನಮ್ಮೂರಲ್ಲೂ ಹಾಗೆಯೇ ಅನ್ನುತ್ತೇವೆ, ಅದನ್ನು ಕೆಡಿಸುವುದಕ್ಕೆ ನೀವು ಯಾರು ಎಂದರು ಅವರು. ಪುಸ್ತಕವೆಲ್ಲ ಒಂದೇ ರೂಪದಲ್ಲಿರಬೇಡವೆ, ಹಿಂದಿನ ಪುಟದಲ್ಲಿ ಬೇರೆಯಾಗಿದೆಯಲ್ಲ ಎಂದೆನು ನಾನು. ಹಾಗಾದರೆ ಹಿಂದಿನದನ್ನು ತಿದ್ದಿ, ಅದಕ್ಕೂ ನೀಲಿ ಹಾಕಿ ಎಂದರು. ಇಬ್ಬರ ದನಿಯೂ ಏರಿತು, ಟ್ರೆಡಲಿನ ಸದ್ದನ್ನು ಮೀರಿತು. ಮತ್ತೇನು ಅನಾಹುತವಾಯಿತೋ ಎಂದು ಫೋರ್‌ಮನ್ನರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬಾಗಿಲ ತನಕ ಓಡಿಬಂದರು. ನಮ್ಮಿಬ್ಬರ ತಲೆಗಳೂ ಒಂದೇ ಗ್ಯಾಲಿಯ ಮೇಲೆ ಬಾಗಿರುವುದನ್ನು ಕಂಡು, ಏನೂ ಕೇಳದೆ ಹಿಂದಿರುಗಿದರು.